ಧಾವಳಿಯೊಳಗಿನ ಕುರಿ

ನಮ್ಮ ಮನೆಯಲ್ಲಿ ಒಂದು ಕುರಿ ಇದೆ. ಇದನ್ನು ನಾನು ಅಕ್ಕಪಕ್ಕದವರಿಗೆ ಹೇಳಿಲ್ಲ, ಏಕೆಂದರೆ ಅಮೆರಿಕದ ಡಲ್ಲಾಸ್ ಬಳಿ ಮೆಕಿನ್ನಿಯ ನಮ್ಮ ಬಡಾವಣೆಯಲ್ಲಿ ಕೋಳಿ ಸಾಕುವುದಕ್ಕೂ ಅಪ್ಪಣೆಯಿಲ್ಲ. ಅಲ್ಲದೆ ಈ ಕುರಿ ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಬಿರುಮಳೆಗೆ ಮುಂಚೆ ಆಕಾಶ ಹಸಿರುಗಪ್ಪಾಗಿ ಗಾಳಿ ಒಮ್ಮೆಲೇ ನಿಂತುಬಿಡುತ್ತದಲ್ಲ, ಆಗ ಅವ್ವನ ಕೋಣೆಯ ಕಪಾಟಿನಿಂದ ಅದರ ವಾಸನೆ ಹೊರಡುತ್ತದೆ. ಹಸಿ ಉಣ್ಣೆ, ಸ್ವಲ್ಪ ಮಣ್ಣು, ಸ್ವಲ್ಪ ಬೆವರು. ಹಜಾರ ದಾಟಿ ಅಡುಗೆಮನೆಗೆ ಬಂದು ನಿಲ್ಲುತ್ತದೆ. ಹೆಂಡತಿ ಊದುಬತ್ತಿ ಹಚ್ಚುತ್ತಾಳೆ. ಊಟದ ಮೇಜಿನ ಬಳಿ ಲಾಸ್ ಕೊಲಿನಾಸ್ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿರುವ ನಾನು ಕೂತಲ್ಲೇ ಕಾಲು ಎತ್ತಿಕೊಂಡು ಅದಕ್ಕೆ ದಾರಿ ಬಿಡುತ್ತೇನೆ.

ಕಪಾಟಿನಲ್ಲಿರುವುದು ನನ್ನ ಅಣ್ಣ ರಾಘುವಿನ ಧಾವಳಿ, ಪೂಜೆಗೆ ಮಡಿಯಲ್ಲಿ ಉಡುವ ಉಣ್ಣೆಯ ವಸ್ತ್ರ. ಧಾರವಾಡದ ನಮ್ಮ ಮನೆಯಲ್ಲಿ ಹತ್ತಿ ಬಟ್ಟೆಗೆ ಯಾರ ಬೆರಳು ಸೋಕಿದರೂ ಮೈಲಿಗೆ, ಉಣ್ಣೆಗೆ ಮಾತ್ರ ಏನೂ ತಾಗುವುದಿಲ್ಲ. ಕುರಿಯ ಮೈಮೇಲಿದ್ದಾಗ ಅದಕ್ಕೆ ಏನೇನು ತಾಗಿತ್ತು ಎಂದು ಚಿಕ್ಕಂದಿನಲ್ಲಿ ಕೇಳಿ ನಾನು ಕಿವಿ ಹಿಂಡಿಸಿಕೊಂಡಿದ್ದೇನೆ. ಅಣ್ಣ ಹ್ಯೂಸ್ಟನ್ನಿನಲ್ಲಿ ಡಾಕ್ಟರಾಗಿದ್ದ, ಅವ್ವ ಅವನ ಜೊತೆಗಿದ್ದಳು. ಅವನು ತೀರಿಹೋದ ಮೇಲೆ ಅವನ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟೆವು. ಧಾವಳಿಯನ್ನು ಅವ್ವ ಬಿಡಲಿಲ್ಲ. "ಅದಕ್ಕ ಸೂತಕಾನೂ ತಾಗಂಗಿಲ್ಲ" ಎಂದು ಮಡಿಚಿ ಎದೆಗವಚಿಕೊಂಡು ನಮ್ಮ ಕಾರು ಹತ್ತಿದಳು. ಹ್ಯೂಸ್ಟನ್ನಿನ ತೇವದಲ್ಲಿ ಸದಾ ಎಚ್ಚರವಿದ್ದ ಕುರಿ ಡಲ್ಲಾಸಿನ ಒಣ ಗಾಳಿಗೆ ಬಂದು ಮಲಗಿತು. ಆಗಾಗ ಏಳುತ್ತದೆ, ಅಷ್ಟೇ.

ಕುರಿಗಳ ವಿಷಯದಲ್ಲಿ ನಮ್ಮ ಮನೆಯ ಪಂಡಿತೆ ಎಂದರೆ ಮಗಳು ಮೇಘಾ. ಪರಿಚಯದವರ ಮಕ್ಕಳೆಲ್ಲ ಆಸ್ಟಿನ್ನಿನ ದ ಡೊಮೇನ್‌ನಲ್ಲಿ ಗಾಜಿನ ಕಟ್ಟಡಗಳೊಳಗೆ ಕೋಡ್ ಬರೆಯುತ್ತಿದ್ದರೆ, ಇವಳು ಅದೇ ಊರಿನಲ್ಲಿ ಕೂತು ಮಧ್ಯಯುಗದ ಇಂಗ್ಲೆಂಡಿನ ಪಾದ್ರಿಗಳು ಕುರಿಯ ಬಗ್ಗೆ ಏನು ಬರೆದರೆಂದು ಹುಡುಕುತ್ತಾಳೆ. ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ಆಂಟಿ "ಮೇಘಾ ಏನ್ ಓದ್ತಿದಾಳೆ?" ಎಂದರೆ "ಪ್ರಾಣಿಗಳಿಗೆ ಸಂಬಂಧಪಟ್ಟದ್ದು" ಎನ್ನುತ್ತೇನೆ. ಪಶುವೈದ್ಯವೆಂದುಕೊಂಡು ಅವರು ಸಮಾಧಾನಪಡುತ್ತಾರೆ.

ಆ ಪಾದ್ರಿಗಳಿಗೆ ಕುರಿಯ ಹುಚ್ಚು ಎಷ್ಟಿತ್ತು ನೋಡಿ. ಭಕ್ತರೆಲ್ಲ ಮಂದೆ, ಗುರು ಕುರುಬ, ದೇವರ ಮಗನೇ ಕುರಿಮರಿ. ಗಿಡದಲ್ಲಿ ಹಣ್ಣಿನ ಬದಲು ಕುರಿಮರಿ ಬಿಡುವ ದೂರದ ದೇಶವೊಂದಿದೆ ಎಂದು ಆ ಕಾಲದ ಜನ ನಂಬಿದ್ದರಂತೆ. ತೊಟ್ಟು ಬಾಗುವಷ್ಟು ದೂರದ ಹುಲ್ಲನ್ನೆಲ್ಲ ಮೇಯ್ದು ಮುಗಿಸಿ ಅದು ನಿಂತಲ್ಲೇ ಸಾಯುತ್ತದಂತೆ. ಇನ್ನೊಂದು ಮಾತನ್ನು ಅವರು ಬರೆದದ್ದಕ್ಕೆ ಲೆಕ್ಕವಿಲ್ಲ: ಎಷ್ಟು ದೊಡ್ಡ ಮಂದೆಯಲ್ಲಿದ್ದರೂ ತಾಯಿಯೂ ಮರಿಯೂ ಒಂದು ಕೂಗಿಗೆ ಒಂದನ್ನೊಂದು ಗುರುತು ಹಿಡಿಯುತ್ತವೆ.

ಒಮ್ಮೆ ಮೇಘಾ ನನಗೆ ಅವಳ ಗ್ರಂಥಾಲಯದಲ್ಲಿ ಅಂಥದೊಂದು ಹಾಳೆ ತೋರಿಸಿದಳು. ಅದು ಕಾಗದವಲ್ಲ, ಚರ್ಮ. ನಮ್ಮವರು ತಾಳೆಗರಿಯಲ್ಲಿ ಮುಗಿಸಿದ ಕೆಲಸಕ್ಕೆ ಇವರು ಒಂದು ಮಂದೆಯನ್ನೇ ಮುಗಿಸಬೇಕಾಗಿತ್ತು. "ಕ್ಲೋಸ್ ಆಗಿ ನೋಡಪ್ಪಾ, ದೋಸ್ ಡಾಟ್ಸ್ ಆರ್ ಹೇರ್ ಫಾಲಿಕಲ್ಸ್" ಎಂದಳು. ಹೌದು, ಅಕ್ಷರಗಳ ನಡುವೆ ರೋಮದ ಗುಳಿಗಳಿದ್ದವು. ಬರೆದಿದ್ದದ್ದು ಒಳ್ಳೆಯ ಕುರುಬ ತನ್ನ ಕುರಿಯನ್ನು ಹೇಗೆ ಕಾಪಾಡುತ್ತಾನೆ ಎಂಬ ಉಪದೇಶವಂತೆ. ಅದನ್ನು ಕುರಿಯ ಬೆನ್ನ ಮೇಲೆಯೇ ಬರೆದಿದ್ದರು. ನಾನು ನಗುವವನಿದ್ದೆ, ಅಷ್ಟರಲ್ಲಿ ಹಾಳೆಯ ಅಂಚು ತಾನಾಗಿ ಮೆಲ್ಲಗೆ ಮೇಲೆದ್ದಿತು. ಯಾರೂ ಮುಟ್ಟಿರಲಿಲ್ಲ. ಉಸಿರಿನ ತೇವ ತಗುಲಿದರೆ ಚರ್ಮ ಹಾಗೆ ಏಳುತ್ತದೆ, ಪ್ರಾಣಿಯ ಮೈಯ ಆಕಾರಕ್ಕೆ ಮರಳಲು ನೋಡುತ್ತದೆ ಎಂದು ಮೇಘಾ ವಿವರಿಸಿದಳು. ಮನೆಯ ಕಪಾಟು ನೆನಪಾಯಿತು. ಉಸಿರು ಬಿಗಿಹಿಡಿದು ಹಿಂದೆ ಸರಿದೆ.

ಅವ್ವನಿಗೆ ಆಗಲೇ ಮರೆವು ಹಿಡಿದಿತ್ತು. ಮೊದಲು ಊರುಗಳು ಹೋದವು, ಆಮೇಲೆ ನೆಂಟರು, ಕೊನೆಗೆ ನಾನು. ಹುಟ್ಟಿದಾಗಿನಿಂದ ನನ್ನನ್ನು ಗುಂಡ್ಯಾ ಎಂದು ಕರೆದವಳು "ನೀವು ಯಾರ ಪೈಕಿರಿ?" ಎಂದು ಕೇಳತೊಡಗಿದಳು. ಪಾದ್ರಿಗಳ ಮಾತು ನಂಬಿ, ದನಿಯಿಂದಾದರೂ ಗುರುತು ಹತ್ತಲಿ ಎಂದು ಬಾಗಿಲ ಮರೆಯಿಂದ "ಅವ್ವಾ" ಎಂದು ಕೂಗಿದ್ದೂ ಉಂಟು. ಮಂಡಿನೋವಿನ, ಬೊಕ್ಕತಲೆಯ ಕುರಿಮರಿ. "ನೋಡವಾ, ಯಾರೋ ಬಂದಾರ" ಎಂದು ಅವ್ವ ನನ್ನ ಹೆಂಡತಿಗೆ ಹೇಳಿದಳು. ಗುರುತಿಲ್ಲದವರ ಕೈಯಿಂದ ಉಣ್ಣುವುದು ಹೇಗೆಂದು ಕ್ರಮೇಣ ಊಟವನ್ನೇ ಬಿಟ್ಟಳು. ಹೀಗೇ ಆದರೆ ಹೊಟ್ಟೆಗೆ ಟ್ಯೂಬ್ ಹಾಕಬೇಕಾಗುತ್ತದೆ, ಅದನ್ನೂ ಈ ಮೈ ತಡೆಯಲಾರದು ಎಂದರು ಡಾಕ್ಟರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಶನಿವಾರ ಮಧ್ಯಾಹ್ನ, ಹೊರಗೆ ಮೋಡ ಕವಿದಿತ್ತು. ಏಸಿಯ ಚಳಿಗೆ ಕೈಗೆ ಸಿಕ್ಕ ಧಾವಳಿ ಹೊದ್ದು, ತಟ್ಟೆ ಹಿಡಿದು ಅವ್ವನ ಮುಂದೆ ಕೂತೆ. ಅವ್ವ ಮೂಗು ಅರಳಿಸಿದಳು. ಕೈ ಚಾಚಿ ಉಣ್ಣೆ ಸವರಿದಳು. "ಬಂದ್ಯಾ ರಾಘು? ಇಷ್ಟ್ ಯಾಕ ತಡಾ ಮಾಡ್ದಿ?" ಎಂದು ಬಾಯಿ ತೆರೆದಳು. ತಟ್ಟೆ ಖಾಲಿಯಾಗುವವರೆಗೂ ತಿನ್ನಿಸಿದೆ.

ಅಂದಿನಿಂದ ಊಟದ ಹೊತ್ತಿಗೆ ನಾನು ಅಣ್ಣ. ಅವ್ವ ಆಸ್ಪತ್ರೆಯ ರೋಗಿಗಳನ್ನು ವಿಚಾರಿಸುತ್ತಾಳೆ. ಸಾಫ್ಟ್‌ವೇರಿನವನಾದ ನಾನು ಎಲ್ಲರೂ ಗುಣವಾಗಿದ್ದಾರೆ ಎನ್ನುತ್ತೇನೆ. ನನ್ನ ಕೈಯಲ್ಲಿ ಇದುವರೆಗೆ ಒಬ್ಬರೂ ಸತ್ತಿಲ್ಲ. ಆದರೆ ಧಾವಳಿ ತೆಗೆದಿಟ್ಟ ಮೇಲೂ ಕೆಲವೊಮ್ಮೆ ಭುಜದ ಮೇಲೆ ಅದರ ಭಾರ ಉಳಿದಿರುತ್ತದೆ. ಕನ್ನಡಿಯಲ್ಲಿ ನಾನು ಅಣ್ಣನ ಹಾಗೆ ತಲೆ ಓರೆ ಮಾಡಿ ನಿಂತಿದ್ದು ಕಂಡು ಬೆಚ್ಚಿದ್ದೇನೆ.

ರಜೆಗೆ ಬಂದ ಮೇಘಾ ಇದನ್ನು ನೋಡಿ ಬಾಗಿಲಲ್ಲೇ ನಿಂತಳು. "ದಿಸ್ ಈಸ್ ಕ್ರೀಪಿ, ಅಪ್ಪಾ." ಆಮೇಲೆ ಕುರುಬರ ಒಂದು ಹಳೆಯ ಉಪಾಯ ಹೇಳಿದಳು. ಮರಿ ಸತ್ತ ತಾಯಿಕುರಿ ಬೇರೆ ಮರಿಗೆ ಹಾಲು ಕೊಡುವುದಿಲ್ಲ. ಆಗ ಕುರುಬ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸುತ್ತಾನೆ. ತಾಯಿ ಮೂಸಿ ನೋಡಿ ಒಪ್ಪಿಕೊಳ್ಳುತ್ತದೆ. ಚರ್ಮದೊಳಗಿನ ಮರಿಗೆ ಏನನ್ನಿಸುತ್ತದೆಂದು ಯಾರಾದರೂ ಬರೆದಿದ್ದಾರೆಯೇ ಎಂದು ಕೇಳಿದೆ. "ಐ ವಿಲ್ ಚೆಕ್" ಎಂದಳು. ನನಗೆ ಅನ್ನಿಸುತ್ತಿದ್ದದ್ದು ಹೊಟ್ಟೆಕಿಚ್ಚು, ಅದೂ ಸತ್ತ ಅಣ್ಣನ ಮೇಲೆ. ಅವ್ವ ಉಳಿಯಬೇಕಾದರೆ ಅವಳ ಪಾಲಿಗೆ ನಾನು ಇಲ್ಲದವನಾಗಬೇಕಿತ್ತು.

ಮೊನ್ನೆ ಭಾನುವಾರ ಮತ್ತೆ ಗಾಳಿ ನಿಂತಿತು. ಕುರಿಯ ವಾಸನೆ ಕೋಣೆಯನ್ನೆಲ್ಲ ತುಂಬಿತ್ತು. ಧಾವಳಿ ಹೊದ್ದು ಮೊಸರನ್ನ ತಿನ್ನಿಸುತ್ತಿದ್ದೆ. ಅವ್ವ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ ನನ್ನ ಭುಜದಾಚೆ ದಿಟ್ಟಿಸಿದಳು.

"ರಾಘು, ಗುಂಡ್ಯಾ ನಿನ್ನ ಹಿಂದ ನಿಂತಾನಲ್ಲೋ. ದಿನಾ ಬಂದು ನಿಲ್ತಾನ, ಪಾಪ. ಅವಂದಿನ್ನೂ ಊಟಾಗಿಲ್ಲ."

ತಿರುಗಿ ನೋಡಿದೆ. ಹಿತ್ತಿಲಿನ ಗಾಜಿನ ಬಾಗಿಲು, ಆಚೆ ಮರದ ಬೇಲಿ, ಮತ್ತೇನೂ ಇಲ್ಲ. ಆದರೂ ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಕಳೆದುಹೋದ ಒಂದು ಕುರಿಗಾಗಿ ಉಳಿದ ಮಂದೆಯನ್ನೆಲ್ಲ ಬಿಟ್ಟು ಹೋಗುವ ಕುರುಬನನ್ನು ಆ ಪಾದ್ರಿಗಳು ಎಷ್ಟು ಹೊಗಳಿದ್ದಾರೋ. ನಮ್ಮವ್ವನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅವಳು ಇಷ್ಟು ದಿನ ನನ್ನನ್ನು ನೋಡುತ್ತಲೇ ಇದ್ದಳು.

ಅವ್ವ ತಾನೇ ಒಂದು ತುತ್ತು ಕಲಸಿ, ನನ್ನ ಭುಜದಾಚೆ ಎತ್ತಿ ಹಿಡಿದಳು. ನಾನು ಧಾವಳಿಯಿಂದ ಕತ್ತು ಹೊರಗೆ ಚಾಚಿ, ಗುಂಡ್ಯಾ ನಿಂತಿದ್ದ ಕಡೆಯಿಂದ ಬಾಯಿ ತೆರೆದೆ. ಅನ್ನಕ್ಕೆ ಉಪ್ಪೇ ಇರಲಿಲ್ಲ. ಹಾಕುವುದನ್ನು ಮರೆತವನು ನಾನು.