ಗಡಿಗಲ್ಲಿಗೆ ಸುಣ್ಣ ಬಳಿದವನು

ಚೋರನೂರಿನ ದುರುಗಣ್ಣ ಹತ್ತೊಂಬತ್ತನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಸುಣ್ಣದ ಬಕೆಟ್ ಹೊತ್ತು ಗುಡ್ಡ ಹತ್ತುತ್ತಿದ್ದ. ತುದಿಯಲ್ಲೊಂದು ಗಡಿಗಲ್ಲು. ಈಚೆ ಕರ್ನಾಟಕ, ಆಚೆ ಆಂಧ್ರ. ಅದಕ್ಕೆ ಸುಣ್ಣ ಬಳಿಯುವುದು ಒಂದು ದಿನದ ಕೆಲಸ, ಉಳಿದ ದಿನವೆಲ್ಲ ಕೂಲಿ. ಆದರೂ ಯಾರಾದರೂ ಉದ್ಯೋಗ ಕೇಳಿದರೆ, "ರಾಜ್ಯ ಕಾಯ್ತೀನ್ರಿ" ಎನ್ನುತ್ತಿದ್ದ. ಹೆಂಡತಿ ಎರ್ರೆಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಆಮೇಲೆ ಗಣಿಯವರು ಬಂದರು. ಗುಡ್ಡ ಹಗಲಿರುಳು ಲಾರಿ ಹತ್ತಿ ಹೋಯಿತು. ಎರ್ರೆಮ್ಮ ಕೆಂಧೂಳು ಕೆಮ್ಮಿ ಕೆಮ್ಮಿಯೇ ಸತ್ತಳು. ಸುಣ್ಣದ ಬಕೆಟ್‌ನಲ್ಲಿ ಕೋಳಿ ಕಾವು ಕೂತಿತು.

ಮೊನ್ನೆ ಎರಡೂ ರಾಜ್ಯಗಳ ಅಧಿಕಾರಿಗಳು ಗಡಿ ಅಳೆಯಲು ಬಂದರು. ಆ ಕಲ್ಲು ಕಂಡವರಲ್ಲಿ ಬದುಕಿ ಉಳಿದವನು ದುರುಗಣ್ಣನೊಬ್ಬನೇ. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ಗುಡ್ಡವಿದ್ದ ಜಾಗದ ದೊಡ್ಡ ತಗ್ಗಿನ ದಂಡೆಗೆ ನಿಲ್ಲಿಸಿದರು.

"ಕಲ್ಲು ಎಲ್ಲಿತ್ತು? ಸರಿಯಾಗಿ ತೋರಿಸೋ" ಎಂದ ಒಬ್ಬ ಅಧಿಕಾರಿ.

ದುರುಗಣ್ಣ ತಗ್ಗಿನ ಕಡೆ ನೋಡಲೇ ಇಲ್ಲ. ತಲೆ ಎತ್ತಿ ಬರಿಯ ಆಕಾಶಕ್ಕೆ ಬೆರಳು ಮಾಡಿದ.

"ಅಗೋ, ಆ ಹದ್ದು ತಿರುಗಾಕತ್ತೈತಲ್ರಿ, ಅಲ್ಲೇ ಇತ್ತು ಸಾಹೇಬ್ರ."

ಜನ್ಮದಲ್ಲಿ ಹೆಂಡ ಮುಟ್ಟದವನ ಬಾಯಿ ಮೂಸಿ ನೋಡಿದ ಆ ಅಧಿಕಾರಿ, 'ಸಾಕ್ಷಿ ಕುಡಿದು ಬಂದಿದ್ದಾನೆ' ಎಂದು ಬರೆದುಕೊಂಡ.