ಪ್ರಶ್ನಿ ಕೇಳೋ ಶಾಲಿ

ಪರಮಣ್ಣ ಮಾಸ್ತರ ಸುರಪುರದಾಗ ಹುಟ್ಟಿ, ದೇವಾಪುರದ ಆಚೆ ಇರೋ ನಾಕು ಮನಿಯ ದೊಡ್ಡಿ ಶಾಲ್ಯಾಗ ತಲಿ ಬೆಳ್ಳಗ ಮಾಡ್ಕೊಂಡಾಂವ. ದೊಡ್ಡ ಮಂದಿ ಎದುರಿಗೆ ಇಲ್ಲ ಅನ್ನಾಕ ಅವಗ ನಾಲಿಗೀನೇ ಏಳಂಗಿಲ್ಲ. ಗ್ವಾಡಿಗೆ ಬಣ್ಣ ಹಚ್ಚು ಅಂದ್ರ ಹಚ್ಚಿದ, ಆ ಬಣ್ಣ ಕೆರಿ ಅಂದ್ರ ಕೆರೆದ.

ಹೋದ ವರ್ಷ ಶಾಲಿ ಸುಧಾರಣಾ ಮಾಡ್ತೀನಂತ ಯಾವುದೋ ಸಂಸ್ಥೆಯ ಸಲಹೆಗಾರ ಚೇತನಕುಮಾರ ಯಾದಗಿರಿಯಿಂದ ಬಂದ. ನಾಗಲಕ್ಷ್ಮಿ ಟೀಚರ ಪಾಠ ನೋಡಿ ಖುಷಿಯಾಗಿ ಅವರನ್ನೇ ಒಯ್ದುಬಿಟ್ಟ, ಬ್ಯಾರೆ ಮಾಸ್ತರಗಳಿಗೆ ಕಲಿಸೋದು ಹೇಳಿಕೊಡಾಕಂತ. ಛಲೋ ಕಲಿಸಿದ್ದೇ ಅವರ ತಪ್ಪಾತು ನೋಡ್ರಿ. ಈಗ ಐದೂ ಇಯತ್ತೆಗೆ ಪರಮಣ್ಣ ಒಬ್ಬನೇ. ಒಂದನೇತ್ತಿಗೆ ಅಕ್ಷರ ತಿದ್ದಿಸೋದ್ರಾಗ ಐದನೇತ್ತಿ ಹುಡುಗರು ಕುರಿ ಹಿಂದ ಹೋಗಿರ್ತಾವ.

"ಈ ಸಲ ಚೇತನಕುಮಾರ ಸಾಹೇಬರು ಬರ್ಲಿ, ಟೀಚರನ್ನ ವಾಪಸ್ ಕಳಸ್ರಿ ಅಂತ ಕೇಳೇಬಿಡ್ತೀನಿ," ಅಂತ ಶಾಲಿ ಕಮಿಟಿ ಅಧ್ಯಕ್ಷೆ ಮಲಕಮ್ಮಗ ಮಾತು ಕೊಟ್ಟ.

ಸಾಹೇಬರಕಿಂತ ಮದಲ ಅವರ ಸಲಹೆ ಬಂತು: ಮಕ್ಕಳು ಹೆದರದಂಗ ತಾವಾಗೇ ಪ್ರಶ್ನಿ ಕೇಳಬೇಕು. ಪರಮಣ್ಣ ಏನು ಮಾಡಿರಬೇಕು? ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನಿ ಬಾಯಿಪಾಠ ಮಾಡಿಸಿದ. ಮಳಿ ಹೆಂಗ ಬರ್ತದ, ಮುಗಿಲು ಯಾಕ ನೀಲಿ ಅದ. ಉತ್ತರ ಮಾತ್ರ ಯಾರೂ ಕೇಳಬಾರದಂತ ತಾಕೀತು ಬ್ಯಾರೆ.

ಚೇತನಕುಮಾರ ಬಂದ. ಪ್ರಶ್ನಿ ಪಟಾಕಿ ಸರ ಹಚ್ಚಿದಂಗ ಹೊಂಟವು, ಅವನ ಮುಖ ಅರಳ್ತು. ಮಲಕಮ್ಮನ ಮಗಳು ಕವಿತಾ ಎದ್ದು ನಿಂತ್ಳು, ಬಾಯಿಪಾಠ ಮರ್ತೇಬಿಟ್ಳು.

"ಸರ, ನಮ್ಮ ಟೀಚರ ಯಾವಾಗ ಬರ್ತಾರ್ರಿ?" ಅಂದ್ಳು.

ಪರಮಣ್ಣ ಕೂತ್ಕೋ ಅಂತ ಕಣ್ಣಾಗೇ ಸನ್ನಿ ಮಾಡಿದ.

"ತುಂಬಾ ಒಳ್ಳೆ ಪ್ರಶ್ನೆ," ಅಂತ ಚೇತನಕುಮಾರ ಚಪ್ಪಾಳಿ ಹೊಡೆದ. "ಇನ್ನೊಂದ್ಸಲ ಕೇಳು ಪುಟ್ಟಿ, ವಿಡಿಯೋ ಆಗಿಲ್ಲ."

ಹುಡುಗಿ ಇನ್ನೊಮ್ಮಿ ಕೇಳಿದ್ಳು. ವಿಡಿಯೋ ಆತು. ಉತ್ತರ ಕೊಡೋದು ಸಲಹೆಗಾರರ ಕೆಲಸ ಅಲ್ಲ ಬಿಡ್ರಿ.

ಫೋನ್ ಕಿಸೆದಾಗ ಇಟ್ಕೊಂಡು, "ಪರಮಣ್ಣ ಸರ್, ಇಂಥ ಶಾಲೆ ನಾನು ಶಹಾಪುರದಲ್ಲೂ ನೋಡಿಲ್ಲ. ಸೋಮವಾರದಿಂದ ನೀವೂ ಯಾದಗಿರಿಗೆ ಬನ್ನಿ, ಉಳಿದವರಿಗೆ ತರಬೇತಿ ಕೊಡಿ," ಅಂದ.

ಪರಮಣ್ಣನ ಎದಿ ಉಬ್ಬಿತು. ಇಷ್ಟು ವರ್ಷದ ನೌಕರಿಯಾಗ ಅವಗ ಒಬ್ಬರೂ ಶಾಬಾಸ್ ಅಂದಿದ್ದಿಲ್ಲ, ಪಾಪ.

ಬಾಗಿಲದಾಗ ನಿಂತಿದ್ದ ಮಲಕಮ್ಮ ಸೆರಗು ಸೊಂಟಕ್ಕ ಸಿಗಿಸಿದ್ಳು. "ಇವರ್ನೂ ಒಯ್ರಿ ಸಾಹೇಬರ. ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ರಿ, ಕುರಿ ಕೂಡಾಕ ಜಾಗಾ ಆಗ್ತದ." ಆಮ್ಯಾಗ ಪರಮಣ್ಣನ ಕಡೆ ತಿರುಗಿ, "ಕೇಳ್ತೀನಿ ಅಂದಿದ್ರಲ್ರಿ ಮಾಸ್ತರ?" ಅಂದ್ಳು.

ಸೋಮವಾರ ಮುಂಜಾನಿ ಯಾದಗಿರಿಗೆ ಯಾವ ಬಸ್ಸು ಹಿಡೀಬೇಕಂತ ಪರಮಣ್ಣ ಆಗಲೇ ವಿಚಾರ ಮಾಡಾಕತ್ತಿದ್ದ.