ಕೌದಿಯ ಹೊಟ್ಟೆಗೆ ಇಡೀ ಹೋಳಿಗೆ

ಮೊಮ್ಮಗಳು ಮನೆಗೆ ಬಂದಿದ್ದಾಳೆ! ಇದನ್ನು ಬರೆಯುವಾಗಲೂ ಕೈ ಕುಣಿಯುತ್ತಿದೆ, ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತಿಲ್ಲ. ನಿಪ್ಪಾಣಿಯ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಸೊಸೆ ಐನಾಪುರಕ್ಕೆ ಬರುವ ದಿನ ನಾನು ಬೆಳಗಿನಿಂದ ರಸ್ತೆಗೂ ಒಲೆಗೂ ಓಡಾಡಿ ಹೋಳಿಗೆ ಸೀಯಿಸಿದ್ದೆ.

ಕೂಸಿಗೆಂದು ಕೌದಿ ಹೊಲಿದಿದ್ದೆ. ನನ್ನವ್ವನ ಇಳಕಲ್ ಸೀರೆ, ನನ್ನ ಮದುವೆಯ ಹಸಿರು ಸೀರೆ, ಮಗನ ಹಳೆಯ ಅಂಗಿ ಎಲ್ಲ ಕೂಡಿಸಿ, ದ್ರಾಕ್ಷಿ ಕಟಾವಿನ ಗದ್ದಲದಲ್ಲೂ ಸೂಜಿ ಬಿಡದೆ ಹೊಲಿದದ್ದು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಉಗುರಿನಷ್ಟು ರೊಟ್ಟಿಯೋ ಹೋಳಿಗೆಯೋ ಇಟ್ಟು ಹೊಲಿಯುವುದು ನಮ್ಮ ಪದ್ಧತಿ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬ ಆಸೆ. ಆ ಮೂಲೆಯನ್ನು ಎಲ್ಲರೆದುರಿಗೇ ಮುಚ್ಚಬೇಕೆಂದು ಹಾಗೆಯೇ ಬಿಟ್ಟಿದ್ದೆ.

ಕೂಸು ಬಂತು. ಜೊತೆಗೆ ಬೀಗತಿ, ಸೊಸೆಯ ತಾಯಿ, ಬಂದರು. ಅವರ ಮನೆಮಾತು ಮರಾಠಿ. ಕುಳಿತವರೇ ಚೀಲದಿಂದ ತೆಳ್ಳನೆಯ ಬಿಳಿ ಗೋದಡಿಯೊಂದನ್ನು, ಅವರ ಕಡೆಯ ಕೌದಿಯನ್ನು, ತೆಗೆದರು.

"ನಾನೂ ಹೊಲದೇನ್ರಿ ಬೀಗತಿ. ಮುಟ್ಟಿ ನೋಡ್ರಿ, ಕಿತಿ ಮೆತ್ತಗ ಐತಿ!"

ನನ್ನ ಎದೆಯಲ್ಲಿ ಒಲೆ ಹೊತ್ತಿತು. "ನಮ್ಮ ಮನೀ ಕೂಸು ನಮ್ಮ ಕೌದ್ಯಾಗ ಮಲಗತೈತ್ರಿ" ಎಂದವಳೇ ಅದನ್ನು ಮಡಚಿ ಅಟ್ಟಕ್ಕೇರಿಸಿದೆ. ಅಷ್ಟಕ್ಕೆ ಬಿಡದೆ, ತುಪ್ಪ ಸೋರುವ ಇಡೀ ಹೋಳಿಗೆಯೊಂದನ್ನು ಮಡಚಿ ಕೌದಿಯ ಮೂಲೆಗೆ ತುರುಕಿ ಹೊಲಿದೆ.

"ಅತ್ತಿ, ಇಷ್ಟ್ಯಾಕ್ರಿ?" ಎಂದಳು ಸೊಸೆ.

"ನನ್ನ ಮೊಮ್ಮಗಳ ಕೌದಿ ಬೇ! ಕಾಟಾಚಾರಕ್ಕ ಇಡ್ಲೇನು?"

ತೊಟ್ಟಿಲಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿದೆ. ಬೀಗತಿ ಹಗ್ಗಕ್ಕೆ ಕೈ ಹಾಕಿದರೆ, "ನೀವು ದಣದೀರಿ, ಕೂಡ್ರಿ" ಎಂದು ಕಸಿದುಕೊಂಡೆ. ಕೂಸು ಎಷ್ಟು ಚಂದ ಮಲಗಿತ್ತು! ಆದರೆ ನಾನು ಅದರ ಮುಖ ನೋಡುವುದು ಬಿಟ್ಟು, ಬೀಗತಿಯ ಮುಖ ಬಾಡಿತೋ ಇಲ್ಲವೋ ಎಂದು ನೋಡುತ್ತಿದ್ದೆ.

ಇಳಿಹೊತ್ತಿಗೆ ಕೂಸು ಚಿಟ್ಟನೆ ಚೀರಿತು. ಎತ್ತಿಕೊಂಡರೂ ಸುಮ್ಮನಾಗದು, ಹಾಲೂ ಒಲ್ಲದು. "ಯಾರದರ ಕೆಟ್ಟ ನೆದರ ತಾಗೇತಿ" ಎಂದು ಬೀಗತಿಯ ಕಡೆಗೇ ನೋಡಿ ಅಂದೆ. ಅವರಿಗೆ ತಿಳಿಯಿತು. ಎದ್ದು ಚೀಲ ಹೆಗಲಿಗೇರಿಸಿದರು.

"ಮೀ ಜಾತೆ, ನಾ ಹೊಂಟೆ. ಚಿಕ್ಕೋಡಿ ಬಸ್ಸು ಸಿಕ್ಕರ ಸಿಗತೈತಿ."

ಅಷ್ಟರಲ್ಲಿ ಸೊಸೆ ಕೂಸಿನ ಅಂಗಿ ಬಿಚ್ಚಿ ಕೂಗಿದಳು: "ಅಯ್ಯ ಅತ್ತಿ, ಇರಿವಿ!"

ಎಳೆಯ ಮೀನಖಂಡದ ಮೇಲೆ ಕೆಂಪು ಗಂಧೆಗಳು. ತೊಟ್ಟಿಲ ಹಗ್ಗದಿಂದ ಇಳಿದ ಇರುವೆ ಸಾಲು ನೆಟ್ಟಗೆ ನನ್ನ ಕೌದಿಯ ಮೂಲೆಗೆ ಹೋಗುತ್ತಿತ್ತು. ಹೊಸ್ತಿಲಲ್ಲಿದ್ದ ಬೀಗತಿ ತಿರುಗಿ ಬಂದು ಬಗ್ಗಿ ನೋಡಿದರು. ಈಗ ನನಗೆ ಸರಿಯಾಗಿ ಅನ್ನುತ್ತಾರೆ ಎಂದು ತಲೆ ತಗ್ಗಿಸಿದೆ.

"ಬೀಗತಿ, ಕೌದಿಗಿ ಒಂದ ತುಣುಕ ಸಾಕಾಗತಿತ್ತು. ನೀವು ಇರಿವಿಗೆಲ್ಲಾ ಪಂಗ್ತಿನ ಹಾಕೀರಲ್ಲ!"

ಚೀರಾಟ ಕೇಳಿ ಒಳಬಂದಿದ್ದ ಮಗ ಮೊದಲು ನಕ್ಕ. ಆಮೇಲೆ ನಾನು ನೆಲಕ್ಕೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಅಟ್ಟದ ಗೋದಡಿ ನಾನೇ ಇಳಿಸಿ ಹಾಸಿದೆ. ಬೀಗತಿ ಗಂಧೆಗಳಿಗೆ ಕೊಬ್ಬರಿ ಎಣ್ಣೆ ಸವರಿದರು. ಕೂಸು ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋಯಿತು. ಅವರ ಹೆಗಲಿನ ಚೀಲ ಕಸಿದು ಕಾಳಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

"ಆ ಬಸ್ಸು ಹೋತು. ನಾಳಿಂದೂ ಹೋಗ್ಲಿ ಬಿಡ್ರಿ!"

ಕೂಸಿನ ಗಂಧೆಗಳು ದೀಪ ಹಚ್ಚುವ ಹೊತ್ತಿಗೆ ಇಳಿದವು. ಆದರೆ ಆ ಗೋದಡಿ ಕಂಡಾಗಿನಿಂದ ನಾನು ಉರಿದೆನಲ್ಲ, ನನಗೇನು ಕಚ್ಚಿತ್ತು? ಕೂಸು ಮನೆಯಲ್ಲೇ ಇತ್ತು, ಯಾರೂ ಕಸಿದುಕೊಂಡಿರಲಿಲ್ಲ. ನನ್ನದು, ನನ್ನದು ಎಂದು ಬಿಗಿಹಿಡಿದು, ಕಾದು ಕುಳಿತಿದ್ದ ಸುಖವನ್ನೇ ಇಡೀ ದಿನ ಹೊರಗೆ ನಿಲ್ಲಿಸಿದ್ದೆ.

ಇವತ್ತು ಮೂಲೆ ಬಿಚ್ಚಿ ತೊಳೆದ ಕೌದಿ, ಅಂಗಳದಂಚಿನ ಕಟಾವು ಮುಗಿದ ದ್ರಾಕ್ಷಿ ತೋಟದ ತಂತಿಯ ಮೇಲೆ ಒಣಗುತ್ತಿದೆ. ಒಣಗಿದ ಮೇಲೆ ತುಣುಕು ಬೀಗತಿ ಇಡಬೇಕು, ಹೊಲಿಗೆ ನಾನು ಹಾಕಬೇಕು ಎಂದು ಮಾತಾಗಿದೆ. ಅವರು ಅಂಗಳದಲ್ಲಿ ಕೌದಿ ತಿರುವಿ ಹಾಕುತ್ತಿದ್ದಾರೆ. ನಾನು ತೊಟ್ಟಿಲ ಬಳಿ ಕುಳಿತು ಕೂಸಿನ ಮುಖವನ್ನೇ ನೋಡುತ್ತಿದ್ದೇನೆ. ಅರೆ, ನಿದ್ದೆಯಲ್ಲೇ ನಕ್ಕಿತು!

"ಬೀಗತಿ! ಕೌದಿ ಬಿಟ್ಟು ಲಗೂನ ಬರ್ರಿ, ನಗಾಕತ್ತಾಳ ನೋಡ್ರಿ!"